ಪಂಪು ಬಂದ ಮೇಲೆ ಸಾವು ಏಕೆ ಹೆಚ್ಚಿತು?

ಗೂರಲು, ಉಬ್ಬಸ, ದಮ್ಮು ಎಂದು ಯಾವ ಹೆಸರಲ್ಲಿ ಕರೆದರೂ ಹಳ್ಳಿಗಳಲ್ಲಿ ನಮಗೆ ಕೇಳುವ ಮಾತು ಒಂದೇ: ‘ಪಂಪು ಎಳೆದರೆ ಎದೆ ಹೊಡೆದುಕೊಳ್ಳುತ್ತೆ.’ ಈ ಹೆದರಿಕೆಗೆ ಹಳೆಯ ಚರಿತ್ರೆಯಿದೆ.

ಒತ್ತಿ ಉಸಿರೆಳೆಯುವ ಪಂಪು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1956ರಲ್ಲಿ. ಬ್ರಿಟನ್ನಿನಲ್ಲಿ ಐಸೊಪ್ರೆನಲಿನ್ ಪಂಪು ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತಿತ್ತು. 1959ರಿಂದ 1966ರೊಳಗೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 5ರಿಂದ 34 ವರ್ಷದವರ ಆಸ್ತಮಾ ಸಾವು ಸುಮಾರು ಮೂರು ಪಟ್ಟಾಯಿತು. 1967ರಲ್ಲಿ ವೈದ್ಯರಿಗೆ ಎಚ್ಚರಿಕೆ ಹೋಯಿತು, 1968ರಲ್ಲಿ ಚೀಟಿ ಕಡ್ಡಾಯವಾಯಿತು. ಸಾವು ಇಳಿಯಿತು.

ಅಲ್ಲಿಗೆ ಮುಗಿಯಲಿಲ್ಲ. 1976ರಲ್ಲಿ ನ್ಯೂಜಿಲೆಂಡಿಗೆ ಫೆನೊಟೆರಾಲ್ ಪಂಪು ಬಂತು, ಸಾವು ಮತ್ತೆ ಏರಿತು. ಕಾಯಿಲೆ ಜೋರಿದ್ದವರಿಗೇ ಅದನ್ನು ಕೊಟ್ಟಿದ್ದು, ಮದ್ದಿನ ತಪ್ಪಲ್ಲ ಎಂದು ಕೆಲವರು ವಾದಿಸಿದರು. ಸುಮ್ಮನೆ ತಳ್ಳಿಹಾಕುವ ವಾದವಲ್ಲ. ಆದರೆ 1989ರಲ್ಲಿ ಅಲ್ಲಿನ ಸಂಶೋಧಕರ ಅಧ್ಯಯನ ಪ್ರಕಟವಾಗಿ, ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವು ಇಳಿದದ್ದು ನಮಗೆ ದೊಡ್ಡ ಸಾಕ್ಷಿ.

ಈಗ ಹೆಚ್ಚಾಗಿ ಸಿಗುವ ಸಾಲ್ಬುಟಮಾಲ್ ಅವೆರಡಕ್ಕಿಂತ ಸೌಮ್ಯ. ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಗ್ಗುತ್ತದೆ. ನಿಜವಾದ ಅಪಾಯ ಬೇರೆ: ಅದು ಉಸಿರಿನ ಕೊಳವೆ ಅಗಲಿಸುತ್ತದೆ, ಒಳಗಿನ ಊತ ಇಳಿಸುವುದಿಲ್ಲ. ಹಾಯೆನಿಸಿತೆಂದು ಮತ್ತೆ ಮತ್ತೆ ಒತ್ತುತ್ತಾ ಕೂತರೆ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ.

ಊತಕ್ಕೆ ಬೇಕಾದ ಸ್ಟೆರಾಯ್ಡ್ ಪಂಪು 1972ರಿಂದಲೇ ಇದೆ. ನಮ್ಮ ಜನ ಆ ಹೆಸರಿಗೇ ಬೆಚ್ಚುತ್ತಾರೆ. ಅದರಿಂದ ದನಿ ಒಡೆಯಬಹುದು, ಬಾಯಲ್ಲಿ ಬಿಳಿ ಪದರ ಕಟ್ಟಬಹುದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಬಹುಮಟ್ಟಿಗೆ ತಪ್ಪುತ್ತದೆ. ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ ಎಂದು ಗೀನಾ ಎಂಬ ಜಾಗತಿಕ ಆಸ್ತಮಾ ತಜ್ಞರ ಕೂಟ ವೈದ್ಯರಿಗೆ ಹೇಳಿದ್ದು 2019ರಲ್ಲಿ.