ಸುರಂಗ ಸುಲಭ, ಬೀಗ ಕಷ್ಟ

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂತು. ಇಲ್ಲಿ ತಯಾರಾದ ವಿನ್ಯಾಸಗಳನ್ನು ಅಮೆರಿಕದ ಗಣಕಗಳಿಗೆ ಕಳುಹಿಸಲು ಅದು ತನಗಾಗಿಯೇ ಒಂದು ಉಪಗ್ರಹ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ದೊಡ್ಡ ಕಂಪನಿಗೆ ಅದು ಸಾಧ್ಯ. ಹತ್ತೇ ಜನ ಕೆಲಸ ಮಾಡುವ ಕಚೇರಿ ಏನು ಮಾಡಬೇಕು? ಕಚೇರಿಯ ಗಣಕದಲ್ಲಿರುವ ಕಡತವನ್ನು ಪರಊರಿನಲ್ಲಿರುವ ನೌಕರ ನೋಡಬೇಕೆಂದರೆ ಆಗ ಇದ್ದದ್ದು ಮುಖ್ಯವಾಗಿ ಎರಡು ದಾರಿಗಳು: ದುಬಾರಿ ಬಾಡಿಗೆ ತೆತ್ತು ಲೀಸ್ಡ್ ಲೈನ್ ಪಡೆಯುವುದು, ಇಲ್ಲವೇ ಮೋಡೆಮ್ ಇಟ್ಟು ಎಸ್‌ಟಿಡಿ ಕರೆ ಮಾಡುವುದು.

ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ತೆರೆದುಕೊಂಡಿತು. ಸ್ಥಳೀಯ ಕರೆಯೊಂದರಿಂದ ಜಗತ್ತಿನ ಯಾವ ಮೂಲೆಯನ್ನಾದರೂ ತಲಪಬಹುದು. ಆದರೆ ಅದು ಸಂತೆಯ ಬೀದಿ. ನಡುವೆ ನಿಂತವರು ನಿಮ್ಮ ಪತ್ರವನ್ನು ಓದಬಹುದು. ಇದಕ್ಕೆ ಕಂಡುಕೊಂಡ ಉಪಾಯವೇ ವಿಪಿಎನ್. ಕಚೇರಿಯ ಒಳವಿಳಾಸವಿರುವ ಮಾಹಿತಿ ಪೊಟ್ಟಣವನ್ನು ಗೂಢಲಿಪಿಗೆ ತಿರುಗಿಸಿ, ಇನ್ನೊಂದು ಪೊಟ್ಟಣದೊಳಗಿಟ್ಟು ಕಳುಹಿಸುತ್ತಾರೆ. ಲಕೋಟೆಯೊಳಗೆ ಲಕೋಟೆ! ಕಚೇರಿಯ ಬಾಗಿಲಲ್ಲಿರುವ ಗಣಕ ಹೊರಗಿನದನ್ನು ಒಡೆದು ಒಳಗಿನದನ್ನು ಮುಂದೆ ಸಾಗಿಸುತ್ತದೆ.

ಇದನ್ನು ಸಣ್ಣ ಕಚೇರಿಗಳಿಗೆ ತಲಪಿಸಿದ್ದು ಪಿಪಿಟಿಪಿ. ಮೈಕ್ರೊಸಾಫ್ಟ್‌ನ ಗುರುದೀಪ್ ಸಿಂಗ್ ಪಾಲ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನ 1996ರಲ್ಲಿ ವಿಂಡೋಸ್ ಎನ್‌ಟಿ 4.0 ಜೊತೆಯಲ್ಲೇ ಬಂತು. ಬೇರೆ ಯಂತ್ರ ಕೊಳ್ಳಬೇಕಿರಲಿಲ್ಲ. ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸುರಂಗ ಸಿದ್ಧ. ಅದರ ಜನಪ್ರಿಯತೆಗೆ ಈ ಸುಲಭತೆಯೇ ಕಾರಣ, ತೊಂದರೆಗೂ ಅದೇ ಎಂದು ನನಗನಿಸುತ್ತದೆ. 1998ರಲ್ಲಿ ಬ್ರೂಸ್ ಶ್ನೈಯರ್ ಮತ್ತು ಮಡ್ಜ್ ಎಂದೇ ಪರಿಚಿತರಾದ ಪೀಟರ್ ಝಾಟ್ಕೊ ಅದರ ಗುರುತು ಪರೀಕ್ಷೆಯಲ್ಲಿದ್ದ ದೋಷಗಳನ್ನು ಬಯಲಿಗೆಳೆದರು. ಎಂಎಸ್-ಚಾಪ್ ಎಂಬ ಆ ಪರೀಕ್ಷೆಯ ಎರಡನೆಯ ಆವೃತ್ತಿ ಬಂತು. ಮೂಲದ ಬಿರುಕು ಮಾತ್ರ ಉಳಿಯಿತು.

ಆ ಬಿರುಕನ್ನು ತರಗತಿಯಲ್ಲಿ ಲೆಕ್ಕವಾಗಿಯೇ ಕೊಡಬಹುದು. ನಾಲ್ಕು ಅಂಕಿಗಳ ಸೂಟ್‌ಕೇಸ್ ಬೀಗವನ್ನು ತೆಗೆದುಕೊಳ್ಳಿ. ಎಲ್ಲ ಅಂಕಿಗಳೂ ಒಟ್ಟಿಗೆ ಸರಿಯಾದಾಗ ಮಾತ್ರ ತೆರೆಯುವುದಾದರೆ ಹೆಚ್ಚೆಂದರೆ 10,000 ಪ್ರಯತ್ನ ಬೇಕು. ಒಂದೊಂದು ಚಕ್ರವೂ ಸರಿಯಾದ ಜಾಗಕ್ಕೆ ಬಂದೊಡನೆ 'ಟಿಕ್' ಎಂದರೆ? 40 ಪ್ರಯತ್ನ ಸಾಕು. ಗುಣಾಕಾರ ಸಂಕಲನವಾಗಿಬಿಟ್ಟಿತು. ಎಂಎಸ್-ಚಾಪ್‌ನಲ್ಲಿ ಆದದ್ದೂ ಇದೇ. ಪಾಸ್‌ವರ್ಡ್‌ನಿಂದ ಪಡೆದ 16 ಬೈಟ್‌ಗಳನ್ನು 7, 7, 2 ಎಂದು ಮೂರು ತುಂಡು ಮಾಡಿ, ಕೊನೆಯದಕ್ಕೆ ಐದು ಸೊನ್ನೆ ಬೈಟ್‌ಗಳನ್ನು ಸೇರಿಸಿ, ಮೂರು ಡಿಇಎಸ್ ಕೀಲಿಗಳಾಗಿ ಬಳಸುತ್ತಾರೆ. ಮೂರನೆಯ ಕೀಲಿಗೆ ಇರುವ ಸಾಧ್ಯತೆಗಳು 65,536 ಮಾತ್ರ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ಉಳಿದ ಎರಡೂ ಕೀಲಿಗಳು ಗೂಢಗೊಳಿಸುವುದು ಒಂದೇ ಮಾಹಿತಿಯನ್ನು. ಆದ್ದರಿಂದ ಒಂದೇ ಸುತ್ತಿನ ಹುಡುಕಾಟದಲ್ಲಿ ಎರಡನ್ನೂ ಹಿಡಿಯಬಹುದು. 2ರ 128ನೆಯ ಘಾತದಷ್ಟು ಇರಬೇಕಾಗಿದ್ದ ಶ್ರಮ 2ರ 56ನೆಯ ಘಾತಕ್ಕೆ, ಅಂದರೆ ಸುಮಾರು 720 ಕೋಟಿ ಕೋಟಿಗೆ ಇಳಿಯಿತು.

ದೊಡ್ಡ ಸಂಖ್ಯೆ ಎನಿಸುತ್ತದೆಯೇ? 1998ರಲ್ಲೇ ಡಿಇಎಸ್ ಕೀಲಿಯೊಂದನ್ನು ವಿಶೇಷ ಯಂತ್ರವೊಂದು 56 ಗಂಟೆಗಳಲ್ಲಿ ಪತ್ತೆ ಹಚ್ಚಿತ್ತು. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಪಿಪಿಟಿಪಿ ಬಳಕೆದಾರನ ಕೀಲಿಯನ್ನು ಒಂದು ದಿನದೊಳಗೆ ಪಡೆಯಬಹುದೆಂದು ತೋರಿಸಿದರು. ಪಾಸ್‌ವರ್ಡ್ 8 ಅಕ್ಷರದ್ದಿರಲಿ, 40 ಅಕ್ಷರದ್ದಿರಲಿ, ಹೊತ್ತು ಅಷ್ಟೇ! ಉದ್ದನೆಯ ಪಾಸ್‌ವರ್ಡ್ ನಂಬಿ ನೆಮ್ಮದಿಯಾಗಿದ್ದ ಕಚೇರಿಗಳ ಗತಿಯನ್ನು ನೀವೇ ಊಹಿಸಿ.

ಬಲವಾದ ಬೀಗ ಇರಲಿಲ್ಲವೆಂದಲ್ಲ. ಐಪಿಸೆಕ್‌ನ ಮೊದಲ ಶಿಷ್ಟತೆಗಳು 1995ರಲ್ಲೇ ಪ್ರಕಟವಾಗಿದ್ದವು. ಆದರೆ ಅದರಲ್ಲಿ ಎರಡೂ ತುದಿಗಳಲ್ಲಿ ಹೊಂದಿಸಬೇಕಾದ ಆಯ್ಕೆಗಳು ಹಲವು. ಒಂದು ತಪ್ಪಿದರೂ ಸಂಪರ್ಕವಿಲ್ಲ. ಪೂರ್ಣಾವಧಿ ತಂತ್ರಜ್ಞರಿಲ್ಲದ ಕಚೇರಿ ಅದರ ಸಹವಾಸಕ್ಕೆ ಹೋಗಲು ಹಿಂಜರಿಯುತ್ತಿತ್ತು. ಮಧ್ಯ ಏಷ್ಯಾದಲ್ಲಿ ಪ್ರಯಾಣಿಸುತ್ತಿದ್ದ ಜೇಮ್ಸ್ ಯೋನನ್‌ಗೆ ಅಪರಿಚಿತ ಸೇವಾದಾರರ ಮೂಲಕ ತಮ್ಮ ಕಚೇರಿಯನ್ನು ಸಂಪರ್ಕಿಸುವಾಗ ಆತಂಕವಾಗುತ್ತಿತ್ತು. 2001ರಲ್ಲಿ ಅವರು ಓಪನ್‌ವಿಪಿಎನ್ ಬಿಡುಗಡೆ ಮಾಡಿದರು. ಇದರಲ್ಲಿ ಪಾಸ್‌ವರ್ಡ್ ಒಂದನ್ನೇ ನೆಚ್ಚಬೇಕಾಗಿಲ್ಲ. ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಪ್ರಮಾಣಪತ್ರ ಕೊಡಬಹುದು. ಲ್ಯಾಪ್‌ಟಾಪ್ ಕಳೆದರೆ ಅದೊಂದನ್ನೇ ರದ್ದುಪಡಿಸಿದರಾಯಿತು. ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಸುಮಾರು ನಾಲ್ಕು ಸಾವಿರ ಸಾಲುಗಳಷ್ಟೇ ಇದ್ದು, 2020ರ ಮಾರ್ಚ್‌ನಲ್ಲಿ ಲಿನಕ್ಸ್ ತಿರುಳಿನೊಳಗೆ ಸೇರಿತು. ಅದರಲ್ಲಿ ಗೂಢಲಿಪಿಯ ವಿಧಾನವನ್ನು ಆರಿಸುವ ಅವಕಾಶವೇ ಇಲ್ಲ. ತಪ್ಪು ಆಯ್ಕೆಯೂ ಇಲ್ಲ.

ನಿಮ್ಮ ಶಾಲೆಗೋ ಪರಿಚಯದ ಕಚೇರಿಗೋ ವಿಪಿಎನ್ ಅಳವಡಿಸುವಾಗ ಎದುರಾಗುವ ಒಂದು ತಲೆನೋವು ಇವೆಲ್ಲಕ್ಕೂ ಸಮಾನ. ಕಚೇರಿಯ ಮತ್ತು ಮನೆಯ ಜಾಲಗಳೆರಡರಲ್ಲೂ ವಿಳಾಸಗಳು 192.168.1 ಎಂದೇ ಆರಂಭವಾದರೆ, ಪೊಟ್ಟಣ ಸುರಂಗಕ್ಕೆ ಇಳಿಯದೆ ಮನೆಯಲ್ಲೇ ಸುತ್ತಾಡಬಹುದು. ಕಚೇರಿಗೆ ಮೊದಲೇ ಬೇರೆ ಸರಣಿಯನ್ನು ಕೊಟ್ಟಿರಿ. ಹಳೆಯ ರೂಟರ್‌ನ ಆಯ್ಕೆಪಟ್ಟಿಯಲ್ಲಿ ಪಿಪಿಟಿಪಿ ಕಂಡರೆ ಅದನ್ನು ಮುಟ್ಟಬೇಡಿ. ವಿಂಡೋಸ್ ಸರ್ವರ್‌ನ ಮುಂದಿನ ಆವೃತ್ತಿಗಳಿಂದ ಅದನ್ನು ಕೈಬಿಡುವುದಾಗಿ ಮೈಕ್ರೊಸಾಫ್ಟ್ ಕೂಡ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.