ಮನೆಯ ಅರಿವೆ

ವಸ್ತ್ರದ ಚರಿತ್ರೆಯನ್ನು ಹೇಳುವಾಗ ನಾವು ಅರಸರ ಪೀತಾಂಬರವನ್ನು ವರ್ಣಿಸುವಷ್ಟು ಗೃಹಿಣಿಯ ಪೆಟ್ಟಿಗೆಯನ್ನು ತೆರೆದು ನೋಡುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಕೈಸೇರುವ ಹಣದಿಂದ ತೊಟ್ಟಿಲ ಕೂಸು ಮೊದಲ್ಗೊಂಡು ಮುಪ್ಪಿನ ಅಜ್ಜನವರೆಗೆ ಎಲ್ಲರ ಮೈ ಮುಚ್ಚುವುದೂ ಒಂದು ರಾಜ್ಯಭಾರವೇ ಸರಿ. ಬಳ್ಳಾರಿಯ ಸೀಮೆಯಲ್ಲಿ ಅದು ನಡೆದ ಬಗೆಯನ್ನು ಈಗ ವಿಚಾರಿಸೋಣ.

ಕುರುಗೋಡಿನ ಸುತ್ತಣ ಎರೆಯ ಹೊಲ ಹತ್ತಿಯನ್ನು ಕೊಡುವುದು. ಸಿರುಗುಪ್ಪದಲ್ಲಿ ವಿಜಯನಗರದ ಕಾಲದ ತುಂಗಭದ್ರಾ ಕಾಲುವೆಗಳು ಭತ್ತವನ್ನು ಬೆಳೆಯಿಸಿದುವು. ಸುಗ್ಗಿ ಮುಗಿದ ಮೇಲೆ ಜಾತ್ರೆ, ಮದುವೆ, ಅರಿವೆಯ ಖರೀದಿ. ಎಲ್ಲರಿಗೂ ಪ್ರತಿವರ್ಷ ಹೊಸದು ಒದಗದು. ಆದುದರಿಂದ ಯಾರ ಸರದಿ ಎಂದೆಂಬುದನ್ನು ಸಂಸ್ಕಾರಗಳೇ ಗೊತ್ತುಮಾಡುತ್ತಿದ್ದುವು. ಕೂಸಿಗೆ ಕುಂಚಿಗೆ, ಬಾಲೆಗೆ ಲಂಗ, ಮದುವೆಗೆ ಇಳಕಲ್ಲಿನ ಸೀರೆ, ಬಸುರಿಗೆ ಕುಬಸದ ಉಡುಗೊರೆ. ಇವುಗಳಲ್ಲಿ ಹಲವು ತವರಿನಿಂದ ಬರುತ್ತಿದ್ದುದರಿಂದ ಒಂದು ಸಂಸಾರದ ಹೊರೆ ಎರಡು ಮನೆಗಳಲ್ಲಿ ಹಂಚಿಹೋಗುತ್ತಿತ್ತು.

ಈ ವ್ಯವಸ್ಥೆಯ ಮೂಲಾಧಾರವು ಹೊಲಿಯದ ಬಟ್ಟೆ. ಒಂಬತ್ತು ಗಜದ, ಎಂದರೆ ಹದಿನೆಂಟು ಮೊಳದ ಸೀರೆಯು ವಯಸ್ಸನ್ನು ಕೇಳುವುದಿಲ್ಲ; ಅತ್ತೆಯದು ಸೊಸೆಗೂ ಒಗ್ಗುತ್ತದೆ. ಸವೆದು ಮೆತ್ತಗಾದ ಮೇಲೆ ಅದೇ ಕೂಸಿನ ಜೋಳಿಗೆಯಾಗುವುದು. ಕಡೆಗೆ ಪದರಪದರವಾಗಿ ಕೌದಿಯ ಒಡಲನ್ನು ಸೇರುವುದು. ಮುದುಕರಿಗೆ ಕುರುಬರು ನೇಯ್ದ ಕಂಬಳಿಯೊಂದು ವರ್ಷಗಟ್ಟಲೆ ಬಾಳುತ್ತಿತ್ತು.

1876ರಿಂದ 78ರವರೆಗಿನ ಕ್ಷಾಮವು ಈ ಲೆಕ್ಕವನ್ನೆಲ್ಲ ಮುರಿಯಿತು. ಆಗ ಮದರಾಸು ಪ್ರಾಂತ್ಯದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಧಾನ್ಯದ ಬೆಲೆ ಏರಿದೊಡನೆ ಜನ ಮೊದಲು ಕೈಬಿಡುವುದು ಅರಿವೆಯ ಖರೀದಿಯನ್ನು. ಹೀಗಾಗಿ ಮಳೆ ತಪ್ಪಿದ ವರ್ಷ ರೈತನೊಡನೆ ನೇಕಾರನೂ ಹಸಿದನು.

ಅನಂತರ ರೈಲು ತಂದ ಗಿರಣಿಯ ಬಟ್ಟೆಯೂ ಹೊಲಿಗೆಯ ಯಂತ್ರವೂ ಮನೆಯೊಳಕ್ಕೆ ಬಂದುವು. ಅಂಗಿ ಚಡ್ಡಿಗಳು ಒಂದೇ ಮೈಯ ಅಳತೆಗೆ ಕಟ್ಟುಬಿದ್ದವು. ಹುಡುಗ ಬೆಳೆದನೆಂದರೆ ಅಂಗಿ ತಮ್ಮನಿಗೆ, ತಮ್ಮನಿಲ್ಲದಿದ್ದರೆ ಪಾತ್ರೆ ಒರೆಸುವುದಕ್ಕೆ. ಯುದ್ಧಕಾಲದಲ್ಲಿ, 1943ರಲ್ಲಿ, ಸರ್ಕಾರವು ಬಟ್ಟೆಯ ಮೇಲೆ ನಿಯಂತ್ರಣವನ್ನು ವಿಧಿಸಿ, ಥಾನಿನ ಮೇಲೆ ಬೆಲೆಯನ್ನು ಮುದ್ರಿಸಬೇಕೆಂದು ಗೊತ್ತುಮಾಡಿತು. ಹಣವಿದ್ದರೂ ಬಟ್ಟೆ ದೊರೆಯದ ಆ ದಿನಗಳಲ್ಲಿ ಹಳೆಯ ಸೀರೆಯನ್ನು ಕತ್ತರಿಸಿ ಲಂಗ ಹೊಲಿಯಬಲ್ಲವಳೇ ಜಾಣೆ.

ಇಂದು ಬಳ್ಳಾರಿ ನಗರವು ಜೀನ್ಸ್ ಉಡುಪಿನ ಹೊಲಿಗೆಗೆ ಹೆಸರಾಗಿದೆ. ಸಿದ್ಧ ಉಡುಪು ಯಾವ ದಿನವಾದರೂ ದೊರೆಯುವುದರಿಂದ ಸುಗ್ಗಿಯನ್ನು ಕಾಯಬೇಕಾಗಿಲ್ಲ. ಆದರೆ ಅದಕ್ಕೆ ಎರಡನೆಯ ಬಾಳು ಅಪರೂಪ. ಹಳೆಯ ಮಿತವ್ಯಯವನ್ನು ನಾವು ಹೊಗಳುವುದು ನ್ಯಾಯವೇ. ಆದರೆ ಆ ಮಿತವ್ಯಯದ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಕೇಳಬೇಕು. ಮಕ್ಕಳಿಗೆ, ಗಂಡನಿಗೆ, ಬಂದ ಬೀಗರಿಗೆ ಹಂಚಿದ ಮೇಲೆ ಉಳಿದರೆ ತನಗೆಂದು ಬಗೆದು, ಹರಿದ ಸೆರಗನ್ನು ನೆರಿಗೆಯೊಳಗೆ ಅಡಗಿಸಿ ಉಟ್ಟ ತಾಯಂದಿರ ತಾಳ್ಮೆಯೇ ಅದರ ಬಂಡವಾಳ. ಕೌದಿಯ ಹೊಲಿಗೆಗಳನ್ನು ಎಣಿಸುವಾಗ ಇದೂ ನಮ್ಮ ಗಣನೆಗೆ ಬರತಕ್ಕದ್ದು.