ಊರಿನ ಪಯಣ ಮತ್ತು ಇಂಜಿನ್ನಿನ ಕಾವು: ಕೂಲಂಟ್ ಕುರಿತು ತಿಳಿದಿರಬೇಕಾದ ಸಂಗತಿಗಳು

ವಿಕ್ರೋಳಿ: ಮೇ ತಿಂಗಳು ಬಂತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಊರಿನದೇ ಮಾತು. ವಿಕ್ರೋಳಿಯಿಂದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು ಪುಣೆ, ಸಾತಾರಾ, ಕೊಲ್ಹಾಪುರದ ಮೂಲಕ ಬೆಳಗಾವಿ, ಹುಬ್ಬಳ್ಳಿಯ ಕಡೆಗೋ, ಪನ್ವೇಲ್ ದಾಟಿ ಕೊಂಕಣದ ದಾರಿಯಾಗಿ ಉಡುಪಿ, ಮಂಗಳೂರಿನ ಕಡೆಗೋ ಸ್ವಂತ ಕಾರಿನಲ್ಲಿ ಹೊರಡುವ ಕುಟುಂಬಗಳು ಅನೇಕ. ಟಯರಿನ ಗಾಳಿಯನ್ನು ನೋಡುವ ನಾವು ಕೂಲಂಟ್ ಡಬ್ಬಿಯತ್ತ ಕಣ್ಣು ಹಾಯಿಸುವುದು ಅಪರೂಪ.

2009ರ ಮೇ ತಿಂಗಳಲ್ಲಿ ಖಂಬಾಟಕಿ ಘಾಟ್ ಏರುವಾಗ ನಮ್ಮ ಕಾರಿನ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಗಾಬರಿಯಿಂದ ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಿದೆವು. ಹಿಂದೆ ನಿಂತಿದ್ದ ಲಾರಿಯ ಚಾಲಕರೊಬ್ಬರು ಓಡಿಬಂದು ನಮ್ಮ ಕೈಯನ್ನು ಹಿಡಿದೆಳೆದರು. ಅಂದು ಅವರು ತಡೆಯದಿದ್ದರೆ ಕುದಿನೀರು ಮುಖಕ್ಕೇ ಚಿಮ್ಮುತ್ತಿತ್ತು. ಆ ಘಟನೆಯೇ ಈ ಬರಹಕ್ಕೆ ಪ್ರೇರಣೆ.

ಕಾವು ಏರುವುದೇಕೆ?

ಇಂಧನ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಶಾಖವಾಗಿ ಕೂಲಂಟನ್ನು ಸೇರುತ್ತದೆ. ಪಂಪು ಈ ದ್ರವವನ್ನು ಇಂಜಿನ್ನಿನ ಸುತ್ತ ಹರಿಸುತ್ತದೆ; ಉಷ್ಣತೆ 80ರಿಂದ 90 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಥರ್ಮೋಸ್ಟಾಟ್ ತೆರೆದುಕೊಂಡು ಅದನ್ನು ರೇಡಿಯೇಟರಿಗೆ ಬಿಡುತ್ತದೆ; ಅಲ್ಲಿ ಗಾಳಿ ತಾಗಿ ದ್ರವ ತಣಿಯುತ್ತದೆ. ಘಟ್ಟ ಏರುವಾಗ ಇಂಜಿನ್ನಿಗೆ ಶ್ರಮ ಹೆಚ್ಚು, ವೇಗ ಕಡಿಮೆಯಾದ್ದರಿಂದ ಎದುರುಗಾಳಿಯೂ ಕಡಿಮೆ. ಮೇಲಾಗಿ ಏ.ಸಿ.ಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಇದ್ದು ಬಿಸಿಗಾಳಿಯನ್ನು ಅದರತ್ತ ದೂಡುತ್ತದೆ.

ಹಿಮದ ನಾಡಿನಲ್ಲಿಯೂ ಈ ತೊಂದರೆ ತಪ್ಪಿದ್ದಲ್ಲ. ಗುಲ್ಮಾರ್ಗಿನಂತಹ ಪ್ರವಾಸಿ ತಾಣಗಳಲ್ಲಿ ಕಾಣುವ ಸ್ನೋಮೊಬೈಲ್ ವಾಹನಗಳ ಪೈಕಿ ದ್ರವದಿಂದ ತಣಿಯುವ ಅನೇಕ ಮಾದರಿಗಳಿಗೆ ಪಟ್ಟಿಯು ಎರಚುವ ಹಿಮವೇ ಆಧಾರ. ಗಟ್ಟಿ ಮಂಜುಗಡ್ಡೆಯ ಮೇಲೋ ಬರಿಯ ರಸ್ತೆಯ ಮೇಲೋ ಓಡಿಸಿದರೆ ಹಿಮ ಎರಚದೆ, ಚಳಿಯ ನಡುವೆಯೂ ಇಂಜಿನ್ ಕಾಯುತ್ತದೆ.

ಬರಿಯ ನೀರು ಸಾಲದೇ?

ಕೂಲಂಟ್ ಎಂಬುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ನೀರು ಹಾಗೂ ತುಕ್ಕುನಿರೋಧಕಗಳ ಮಿಶ್ರಣ. ನೀರು 100 ಡಿಗ್ರಿಯಲ್ಲಿ ಕುದಿದರೆ ಸಮಪಾಲಿನ ಮಿಶ್ರಣ ಸುಮಾರು 107 ಡಿಗ್ರಿಯವರೆಗೆ ತಾಳುತ್ತದೆ. ಮುಚ್ಚಳದ ಒತ್ತಡದಿಂದಾಗಿ ಕುದಿಯುವ ಮಟ್ಟ ಇನ್ನೂ ಮೇಲೇರುತ್ತದೆ. ಕಾದಿರುವಾಗ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು ದ್ರವ ಭುಗಿಲೆಂದು ಕುದಿದು ಉಕ್ಕುವುದು ಈ ಕಾರಣದಿಂದಲೇ. ಬೋರ್‌ವೆಲ್ ನೀರಿನ ಲವಣಗಳು ಕೊಳವೆಗಳಲ್ಲಿ ಗಸಿಯಾಗಿ ಕೂರುತ್ತವೆ. ನಮ್ಮ ಕಾರಿಗಾದದ್ದೂ ಅದೇ; ಗ್ಯಾರೇಜೊಂದರಲ್ಲಿ ಬರಿಯ ನೀರು ತುಂಬಿಸಿದ್ದರು, ನಾವೂ ವಿಚಾರಿಸಿರಲಿಲ್ಲ.

ಹೊರಡುವ ಮುನ್ನ

* ಇಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ದ್ರವ ಇದೆಯೇ ನೋಡಿರಿ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಸೋರಿಕೆ ಇದೆಯೆಂದೇ ತಿಳಿಯಿರಿ.
* ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿರಿ. ಬಣ್ಣಕ್ಕೆ ಏಕರೂಪದ ನಿಯಮವಿಲ್ಲ. ಕಾರಿನ ಕೈಪಿಡಿ ಸೂಚಿಸಿದ ಬಗೆಯನ್ನೇ, ಸೂಚಿಸಿದ ಅವಧಿಗೆ ಬದಲಾಯಿಸಿರಿ.
* ಬೆರೆಸಬೇಕಾದ ಬಗೆಯಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿರಿ.
* ರಬ್ಬರ್ ಕೊಳವೆ, ಬೆಲ್ಟ್, ರೇಡಿಯೇಟರ್ ಫ್ಯಾನುಗಳನ್ನು ಪರೀಕ್ಷಿಸಿರಿ.

ಮುಳ್ಳು ಮೇಲೇರಿದರೆ

ಮೊದಲು ಏ.ಸಿ. ನಿಲ್ಲಿಸಿ ಹೀಟರನ್ನು ಪೂರ್ಣವಾಗಿ ತೆರೆಯಿರಿ; ಇಂಜಿನ್ನಿನ ಶಾಖ ಸ್ವಲ್ಪವಾದರೂ ಹೊರಬೀಳುತ್ತದೆ. ಮುಳ್ಳು ಕೆಂಪಿಗೆ ತಲುಪಿದರೆ ಸುರಕ್ಷಿತ ಜಾಗದಲ್ಲಿ ನಿಂತು ಇಂಜಿನ್ ಆರಿಸಿ, ಎಚ್ಚರಿಕೆಯ ದೀಪ ಬೆಳಗಿಸಿ, ಮನೆಮಂದಿಯನ್ನು ರಸ್ತೆಯಿಂದ ದೂರ ನಿಲ್ಲಿಸಿರಿ. ಸಂಪೂರ್ಣ ತಣಿಯುವವರೆಗೆ ಮುಚ್ಚಳ ಮುಟ್ಟಲಾಗದು. ಅರ್ಧ ಗಂಟೆಯೂ ಸಾಲದಿರಬಹುದು. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕುಬಿಡುವ ಅಪಾಯವಿದೆ. ತಣಿದ ಬಳಿಕ ಅನಿವಾರ್ಯವಾದರೆ ನೀರು ತುಂಬಿ ಹತ್ತಿರದ ಗ್ಯಾರೇಜು ಸೇರಬಹುದು. ಹಾಗೆಯೇ ಓಡಿಸುತ್ತಾ ಹೋದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಖರ್ಚು ರಜೆಯ ಬಜೆಟ್ಟನ್ನೇ ನುಂಗೀತು.

ಕೊನೆಯದಾಗಿ ಗೃಹಿಣಿಯರ, ಹಿರಿಯರ ಗಮನಕ್ಕೆ: ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ಘೋರ ವಿಷ. ಉಳಿದ ಕೂಲಂಟನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ಮಕ್ಕಳು, ಸಾಕುಪ್ರಾಣಿಗಳ ಕೈಬಾಯಿಗೆ ಎಟುಕದಂತಿರಲಿ. ಯಾರಾದರೂ ಕುಡಿದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಐದು ನಿಮಿಷದ ಪರೀಕ್ಷೆ ಸಾಕು. ಎಲ್ಲರ ಊರ ಪಯಣ ಸುಖಕರವಾಗಲಿ ಎಂಬುದೇ ನಮ್ಮ ಹಾರೈಕೆ.